ಶೇವಂತಿ ಬೇಡವೆಂದ ನೀರು

ನಾನು ಒಂದು ಮರದ ಬೋಟು. ಹೊನ್ನಾವರದ ಆಚೆ, ಶರಾವತಿ ಕಡಲು ಸೇರುವ ಕಡೆ, ಮರಳ ಮೇಲೆ ನನ್ನನ್ನು ಕಟ್ಟಿದರು. ನನ್ನ ಅಡಿತೊಲೆಗೆ ಹೆಬ್ಬಲಸು, ಪಕ್ಕೆಗಳಿಗೆ ತೇಗ. ಮಾಬ್ಲ ಆಚಾರಿ ಎಂಬ ಬಡಗಿ ಎಂಟು ತಿಂಗಳು ನನ್ನ ಮೈಮೇಲೆ ಕೆಲಸ ಮಾಡಿದ. ಹಲಗೆಗಳ ಸಂದಿಗೆ ಹತ್ತಿಯ ನೂಲು ತುರುಕಿ, ಎಣ್ಣೆಯಲ್ಲಿ ಕಲಸಿದ ರಾಳ ಮೆತ್ತುತ್ತ ಅವನು ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದ. ನನ್ನನ್ನು ನೀರಿಗೆ ನೂಕಿದ ದಿನ ತೆಂಗಿನಕಾಯಿ ಒಡೆದರು, ಮೂಗಿನ ಮೇಲೆ ಕುಂಕುಮ ಹಚ್ಚಿದರು. ನಾನು ಮೊದಲು ಎಡಕ್ಕೆ ವಾಲಿ, ಆಮೇಲೆ ಸರಿಯಾಗಿ ನಿಂತೆ. "ಬದುಕ್ತದೆ" ಎಂದು ಮಾಬ್ಲ ಆಚಾರಿ ಕೈ ತೊಳೆದುಕೊಂಡ.

ಹನ್ನೊಂದು ವರ್ಷ ಮೀನು ಹೊತ್ತೆ. ಬಂಗಡೆ, ಬೈಗೆ, ಸೀಗಡಿ, ಐಸು. ಮೀನುಗಾರರು ನನ್ನನ್ನು ಬೈದದ್ದೇ ಹೆಚ್ಚು, ಆದರೆ ಮಳೆಗಾಲದಲ್ಲಿ ನನಗೆ ತೆಂಗಿನ ಗರಿಯ ಮಾಡು ಕಟ್ಟಲು ಒಮ್ಮೆಯೂ ಮರೆಯಲಿಲ್ಲ. ಆಮೇಲೆ ಉಕ್ಕಿನ ದೊಡ್ಡ ಬೋಟುಗಳು ಬಂದವು. ನನ್ನನ್ನು ಅಗ್ನೇಲ್ ರೊಡ್ರಿಗಸ್ ಕೊಂಡ.

ಅಗ್ನೇಲ್ ನೌಕಾಪಡೆಯಲ್ಲಿ ಮುಳುಗುಗಾರನಾಗಿದ್ದು ನಿವೃತ್ತನಾದವನು. ಅವನಿಗೊಂದು ಕನಸಿತ್ತು. ಜನ ನಾಲ್ಕು ದಿನ ಕಡಲಲ್ಲೇ ಉಂಡು, ಮಲಗಿ, ದಿನಕ್ಕೆರಡು ಸಲ ಗಾಳಿಯ ಸಿಲಿಂಡರು ಬೆನ್ನಿಗೇರಿಸಿಕೊಂಡು ನೀರಿನಡಿಯ ಹವಳ ನೋಡಬೇಕು. ಅದಕ್ಕೆ ನಾನೇ ಮನೆಯಾಗಬೇಕು. ಮೀನು ತುಂಬುತ್ತಿದ್ದ ನನ್ನ ಹೊಟ್ಟೆಯಲ್ಲಿ ಆರು ಮಂಚ ಬಂದವು. ಮೀನಿನ ವಾಸನೆ ಹೋಗಲೆಂದು ಸೋಡಾಪುಡಿ, ನಿಂಬೆಹುಳಿ ಹಾಕಿ ಉಜ್ಜಿದರು. ಪೂರ್ತಿ ಹೋಗಲಿಲ್ಲ. ಹಿಂಬದಿಯ ಅಟ್ಟದ ಮೇಲೆ ಗಾಳಿ ತುಂಬುವ ಯಂತ್ರ ಕೂತಿತು. ಮೈಗೆ ಬಿಳಿ ಬಣ್ಣ ಬಳಿದು 'ಕಡಲತಾರೆ' ಎಂದು ಹೆಸರು ಬರೆದರು. ಎಂಜಿನ್ ಮಾತ್ರ ಹಳೆಯದೇ ಉಳಿಯಿತು.

ನನ್ನ ಜೀವನದಲ್ಲಿ ನಾನು ಮೆಚ್ಚಿದ ಮನುಷ್ಯರು ಇಬ್ಬರು. ಒಬ್ಬಳು ಶೇವಂತಿ ಹರಿಕಂತ್ರ.

ಶೇವಂತಿ ಬಂಡೆಗೆ ಕಚ್ಚಿಕೊಂಡ ನೀಲಿಕಲ್ಲು ಚಿಪ್ಪುಗಳನ್ನು ಉಸಿರು ಬಿಗಿಹಿಡಿದು ಮುಳುಗಿ ಬಿಡಿಸುತ್ತಿದ್ದವಳು. ಅವಳು ನೀರಿನೊಳಗಿರುವುದನ್ನು ನೋಡಿಯೇ ಅಗ್ನೇಲ್ ಅವಳನ್ನು ಕೆಲಸಕ್ಕೆ ಕರೆದ, ಕಲಿಸಿದ, ಪರೀಕ್ಷೆಗೆ ಕೂರಿಸಿದ. ಮೂವತ್ತನಾಲ್ಕನೆಯ ವಯಸ್ಸಿಗೆ ಅವಳು ನನ್ನ ಅತಿಥಿಗಳನ್ನು ಕೈಹಿಡಿದು ನೀರಿಗಿಳಿಸುವ ಮಾರ್ಗದರ್ಶಿಯಾದಳು. ಅವಳು ನನ್ನ ಮೇಲೆ ನಡೆದರೆ ಹಲಗೆ ಸದ್ದು ಮಾಡುತ್ತಿರಲಿಲ್ಲ. ನೀರಿಗೆ ಇಳಿಯುವ ಮೊದಲು ನನ್ನ ಲಂಗರಿನ ಹಗ್ಗದ ಮೇಲೆ ಅಂಗೈ ಇಟ್ಟು ಒಂದು ಕ್ಷಣ ನಿಲ್ಲುತ್ತಿದ್ದಳು, ವೈದ್ಯರು ನಾಡಿ ನೋಡಿದ ಹಾಗೆ.

ಇನ್ನೊಬ್ಬರು ಅಂಬುಜಾ ಗಲಗಲಿ. ಅವರು ನನ್ನ ಮೇಲಿದ್ದದ್ದು ನಾಲ್ಕೇ ದಿನ.

ಅದು ಡಿಸೆಂಬರ್ ತಿಂಗಳು. ಆ ಪ್ರವಾಸಕ್ಕೆ ಮೂವರು ಬಂದಿದ್ದರು. ದಾವಣಗೆರೆಯ ಟೈಲ್ಸ್ ವ್ಯಾಪಾರಿ ರುದ್ರಮುನಿ, ಅವರ ಹೆಂಡತಿ ಚಂದ್ರಕಲಾ, ಮತ್ತು ಧಾರವಾಡದಿಂದ ಒಬ್ಬರೇ ಬಂದಿದ್ದ ಅಂಬುಜಾ. ಅಂಬುಜಾ ಅವರಿಗೆ ಅರವತ್ತೆರಡು. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವರು. ಗಾಜಿನ ಬಾಟಲಿಯ ಔಷಧದ ನೀರಿನಲ್ಲಿ ಬಣ್ಣ ಕಳೆದುಕೊಂಡು ನಿಂತ ಮೀನುಗಳನ್ನು ತೋರಿಸಿ ಪಾಠ ಹೇಳಿದ್ದರು. ಜೀವಂತ ಹವಳವನ್ನು ಒಮ್ಮೆಯೂ ನೋಡಿರಲಿಲ್ಲ. ನಿವೃತ್ತಿಯಾದ ಮೇಲೆ ಈಜುಕೊಳಕ್ಕೆ ಹೋಗಿ ಎರಡು ವರ್ಷ ಈಜು ಕಲಿತು, ಸ್ಕೂಬಾದ ಸರ್ಟಿಫಿಕೇಟು ತೆಗೆದುಕೊಂಡು, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿಟ್ಟುಕೊಂಡು ಬಂದಿದ್ದರು.

ನಾವು ಹೊರಟದ್ದು ಕೊಕ್ಕರೆಕಲ್ಲು ಎಂಬ ದ್ವೀಪಕ್ಕೆ. ಕಡಲ ನಡುವೆ ಒಂದು ಗುಡ್ಡದಷ್ಟು ಕರಿಬಂಡೆ. ಅದರ ಬುಡದಲ್ಲಿ ಹವಳ ಇರುವುದು ನಿಜ. ಅಗ್ನೇಲ್ ಹಂಚಿದ್ದ ಚಿತ್ರಗಳಲ್ಲಿ ನೀರು ಗಾಜಿನಷ್ಟು ತಿಳಿಯಾಗಿತ್ತು.

ಆದರೆ ಆ ವಾರ ಎಲ್ಲೋ ದೂರದ ಕಡಲಲ್ಲಿ ಎದ್ದ ಬಿರುಗಾಳಿ ನಮ್ಮ ನೀರನ್ನು ಕಲಕಿತ್ತು. ಮೊದಲ ದಿನ ಅಲೆ ನನ್ನನ್ನು ತೊಟ್ಟಿಲ ಹಾಗೆ ತೂಗಿತು. ಚಂದ್ರಕಲಾ ಬಕೆಟ್ಟು ಹಿಡಿದು ಕೂತವರು ಏಳಲಿಲ್ಲ. ಎರಡನೆಯ ದಿನ ನೀರು ಮಜ್ಜಿಗೆಯಂತಿತ್ತು. ಇಳಿದವರಿಗೆ ತಮ್ಮ ಕೈಯೇ ಕಾಣಲಿಲ್ಲ. ರುದ್ರಮುನಿ ಒಂದು ಹರಿದ ಗೊಬ್ಬರದ ಚೀಲ ನೋಡಿ ಮೇಲೆ ಬಂದರು. ಮೂರನೆಯ ದಿನ ಅಂಬುಜಾ ಅವರ ಕಿವಿ ಕೈಕೊಟ್ಟಿತು. ಒಂದಾಳು ಆಳ ಇಳಿಯುತ್ತಿದ್ದಂತೆ ನೋವು. ಮೂರು ಸಲ ಪ್ರಯತ್ನಿಸಿದರು, ಮೂರು ಸಲವೂ ಶೇವಂತಿ ಅವರನ್ನು ಮೇಲೆ ಕರೆತಂದಳು. ನನ್ನ ಎಂಜಿನ್ನೂ ದಿನಕ್ಕೊಮ್ಮೆ ಮುನಿಸಿಕೊಂಡಿತು. ನಾನು ನಾಚಿಕೆಯಿಂದ ತೇಲುತ್ತಿದ್ದೆ.

"ಏನ್ರೀ ಕ್ಯಾಪ್ಟನ್ನು, ಚೀಲ ತೋರ್ಸಾಕ ಇಲ್ಲೀತನಕ ಕರ್ಕಂಡು ಬಂದ್ರಾ?" ಎಂದು ರುದ್ರಮುನಿ ಅಗ್ನೇಲನನ್ನು ಕೇಳಿದರು. ಅಗ್ನೇಲ್ ತಲೆ ತಗ್ಗಿಸಿ ಮೀನು ಹುರಿಯುತ್ತಿದ್ದ.

ನಾಲ್ಕನೆಯ ಬೆಳಿಗ್ಗೆ, ಅದೇ ಕೊನೆಯ ದಿನ, ಕಡಲು ತಿಳಿಯಾಯಿತು. ಬಂಡೆಯ ಮರೆಯಲ್ಲಿ ನೀರು ಒಂದು ಸುಕ್ಕೂ ಇಲ್ಲದೆ ಮಲಗಿತ್ತು. ನನ್ನ ನೆರಳು ಕೆಳಗೆ ಬಿದ್ದು ಕಾಣುತ್ತಿತ್ತು. ಅಂಬುಜಾ ಕಟಕಟೆಯ ಮೇಲೆ ಬಾಗಿ, "ಅಯ್ಯ, ತಳ ಕಾಣಸ್ತದಲ್ಲವ್ವಾ!" ಎಂದು ಚಪ್ಪಾಳೆ ಹೊಡೆದರು. ಎಲ್ಲರೂ ಲಗುಬಗೆಯಿಂದ ಜಾಕೆಟ್ಟು, ಸಿಲಿಂಡರು ಕಟ್ಟಿಕೊಂಡರು.

ಶೇವಂತಿ ಹಗ್ಗದ ಮೇಲೆ ಕೈಯಿಟ್ಟಳು. ಈ ಸಲ ಕೈ ಬೇಗ ತೆಗೆಯಲಿಲ್ಲ. ಆಮೇಲೆ ಒಬ್ಬಳೇ ಹಗ್ಗ ಹಿಡಿದು ಇಳಿದಳು. ಅವಳಿಗೆ ಗೊತ್ತಾಗುವ ಮೊದಲೇ ನನಗೆ ಗೊತ್ತಿತ್ತು. ಮೇಲಿನ ನೀರು ನಿಂತಿತ್ತು, ಆದರೆ ಎರಡಾಳು ಕೆಳಗೆ ಇನ್ನೊಂದು ಹೊಳೆ ಹರಿಯುತ್ತಿತ್ತು. ನನ್ನ ಲಂಗರಿನ ಹಗ್ಗ ತಂಬೂರಿಯ ತಂತಿಯ ಹಾಗೆ ಝೇಂಕರಿಸುತ್ತಿತ್ತು. ಅದನ್ನು ಹೇಳಲು ನನಗೆ ಬಾಯಿರಲಿಲ್ಲ.

ಶೇವಂತಿ ಮೇಲೆ ಬಂದು ಮಾಸ್ಕು ತೆಗೆದಳು.

"ಇವತ್ತು ಬೇಡ. ಅಡಿಗೆ ನೀರು ಎಳೀತದೆ. ಹಗ್ಗ ಹಿಡ್ಕಂಡ್ರೂ ನಾ ಬಾವುಟದ ಹಾಂಗೆ ಅಡ್ಡ ಬಿದ್ದೆ."

"ಕನ್ನಡಿ ಇದ್ದಂಗ ಐತಿ ನೀರು!" ಎಂದರು ರುದ್ರಮುನಿ. "ನಿಮಗ ಹೆದರಿಕಿ ಆದ್ರ ಇಲ್ಲೇ ಕುಂದರ್ರಿ, ನಮ್ಮನ್ನ ಬಿಡ್ರಿ."

"ಹೆದರಿಕೆ ಆಗಿದೆ ಸರ್. ಅದಕ್ಕೇ ಬೇಡ ಹೇಳಿದ್ದು."

ಅಗ್ನೇಲ್ ಅವಳನ್ನು ಪಕ್ಕಕ್ಕೆ ಕರೆದ. "ಶೇವಂತಿ, ನಾಲ್ಕು ದಿನ ಇವರಿಗೆ ಎಂತದೂ ತೋರಿಸ್ಲಿಲ್ಲ. ಊರಲ್ಲಿ ಹೋಗಿ ಹೇಳ್ತಾರೆ. ಐದೇ ನಿಮಿಷ, ಅಂಚಿಗೇ..."

"ಅಗ್ನೇಲಣ್ಣ, ನೀವೇ ಕಲಿಸಿದ್ದಲ್ಲ? ಬೇಡ ಅಂದ್ರೆ ಬೇಡ."

ಅಂಬುಜಾ ಕಟಕಟೆ ಬಿಟ್ಟು ಬಂದು ಬೆಂಚಿನ ಮೇಲೆ ಕೂತು, ಕಟ್ಟಿಕೊಂಡ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು. ಎರಡು ವರ್ಷ ಕಾದವರು ಅವರು.

ಶೇವಂತಿ ಹಿಂದೆ ಸಿಲಿಂಡರು ಇಳಿಸಲು ಹೋದಳು. ಆ ಹೊತ್ತಿಗೆ ರುದ್ರಮುನಿ ಅಗ್ನೇಲನಿಗೆ ಮೆಲ್ಲಗೆ ಹೇಳಿದರು, "ಹಗ್ಗ ಹಿಡ್ಕಂಡೇ ಇರ್ತೀನಿ. ಬರೇ ಒಂದಾಳು. ನೋಡಿ ಬಂದ್ಬಿಡ್ತೀನಿ." ಅಗ್ನೇಲ್ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಆ ಸುಮ್ಮನಿದ್ದ ಒಂದು ಗಳಿಗೆಗೆ ಅವನು ಬದುಕಿಡೀ ಮರುಗಿದ.

ರುದ್ರಮುನಿ ಇಳಿದರು. ಕೆಳಗೆ ಏನೋ ಕಂಡಿರಬೇಕು. ಹಗ್ಗದ ಮೇಲಿನ ಕೈ ಒಂದಾಳಿನಿಂದ ಎರಡಾಳಿಗೆ ಜಾರಿತು. ಹಗ್ಗ ಒಮ್ಮೆ ಜಗ್ಗಿತು. ಆಮೇಲೆ ಹಗುರವಾಯಿತು. ಅವರ ಉಸಿರಿನ ಗುಳ್ಳೆಗಳು ಹಗ್ಗ ಬಿಟ್ಟು ದೂರ ಸರಿಯತೊಡಗಿದವು.

"ನಮ್ಮನೇರು!" ಎಂದು ಚಂದ್ರಕಲಾ ಕಿರುಚಿದರು.

ಶೇವಂತಿ ತಿರುಗಿ ನೋಡಿದಳು. ಯಾರನ್ನೂ ಬೈಯಲಿಲ್ಲ. ಬಿಚ್ಚಿದ್ದ ಸಿಲಿಂಡರನ್ನು ಮತ್ತೆ ಬೆನ್ನಿಗೆಳೆದುಕೊಂಡು, ಅಂಬುಜಾ ಅವರನ್ನು ನೋಡಿ, "ಅಮ್ಮಾ, ನಾವು ಎಲ್ಲಿ ಮೇಲೆ ಬರ್ತೇವೋ ಅಲ್ಲಿಗೆ ಬೆರಳು ತೋರಿಸಿ. ಬೆರಳು ಇಳಿಸ್ಬೇಡಿ. ಕಣ್ಣು ಬೇರೆ ಕಡೆ ಹೊರಳಿಸ್ಬೇಡಿ" ಎಂದು ಹೇಳಿ ಧುಮುಕಿದಳು.

ಅಂಬುಜಾ ನನ್ನ ಕ್ಯಾಬಿನ್ನಿನ ಮಾಡು ಹತ್ತಿದರು. ಅರವತ್ತೆರಡರ ಮಂಡಿ, ಒದ್ದೆ ಏಣಿ. ಎರಡು ನಿಮಿಷ ಕಡಲು ಬರಿದಾಗಿತ್ತು. ಆಮೇಲೆ ಬಹಳ ದೂರದಲ್ಲಿ, ಬಂಡೆಯ ಮರೆ ದಾಟಿ, ಅಲೆಯೇಳುವ ತೆರೆದ ನೀರಿನಲ್ಲಿ ಎರಡು ತಲೆ ಕಂಡವು. ಎರಡು ಕರಿ ಚುಕ್ಕೆಗಳು.

"ಅಲ್ಲಿ!" ಎಂದರು ಅಂಬುಜಾ. ಬಲಗೈ ನೇರವಾಗಿ ಎದ್ದಿತು.

ಅಗ್ನೇಲ್ ಎಂಜಿನ್ನಿಗೆ ಓಡಿದ. ನಾನು ಒಮ್ಮೆ ಕೆಮ್ಮಿದೆ, ಇನ್ನೊಮ್ಮೆ ಕೆಮ್ಮಿದೆ. ಮೂರನೆಯ ಸಲ ಹಿಡಿದುಕೊಂಡೆ. ಲಂಗರು ಬಂಡೆಯ ಸಂದಿಯಲ್ಲಿ ಕಚ್ಚಿಕೊಂಡು ಏಳಲೊಲ್ಲದು. ಅಗ್ನೇಲ್ ಕತ್ತಿ ತಂದು ಹಗ್ಗವನ್ನೇ ಕಡಿದ. ನನ್ನ ಮೂಗು ಗಕ್ಕನೆ ತಿರುಗಿತು.

ಕೆಳಗಿದ್ದ ಅಗ್ನೇಲನಿಗೆ ಅಲೆಯ ಹೊರತು ಏನೂ ಕಾಣುತ್ತಿರಲಿಲ್ಲ. ಅವನು ನೋಡುತ್ತಿದ್ದದ್ದು ಮಾಡಿನ ಮೇಲಿನ ಕೈಯೊಂದನ್ನೇ. ಕೈ ಎಡಕ್ಕೆ ಹೊರಳಿದರೆ ನಾವು ಎಡಕ್ಕೆ. ಅಲೆ ಮೇಲೆದ್ದಾಗ ತಲೆಗಳು ಮುಳುಗಿ ಮರೆಯಾಗುತ್ತಿದ್ದವು, ಮತ್ತೆ ತೇಲುತ್ತಿದ್ದವು. ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಅಂಬುಜಾ ಅವರ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಒಂದು ದೊಡ್ಡ ಅಲೆಗೆ ನಾನು ವಾಲಿದಾಗ ಅವರು ಮಂಡಿಯೂರಿ ಬಿದ್ದರು. ಕೈ ಮಾತ್ರ ಹಾಗೇ ಇತ್ತು. ಚಂದ್ರಕಲಾ ತಾವೂ ಹತ್ತಿ ಹೋಗಿ, ಅವರ ಸೊಂಟವನ್ನು ಎರಡೂ ತೋಳಿನಿಂದ ತಬ್ಬಿ ಹಿಡಿದುಕೊಂಡರು. ಇಪ್ಪತ್ತೈದು ನಿಮಿಷ.

ನಾವು ಹತ್ತಿರ ಹೋದಾಗ ಶೇವಂತಿ ಅಂಗಾತ ತೇಲುತ್ತ, ರುದ್ರಮುನಿಯ ಸಿಲಿಂಡರಿನ ಕುತ್ತಿಗೆಯನ್ನು ಒಂದು ಕೈಯಲ್ಲಿ ಹಿಡಿದಿದ್ದಳು. ಅವರ ಜಾಕೆಟ್ಟಿಗೆ ಗಾಳಿ ತುಂಬಿ, ತಲೆಯನ್ನು ತನ್ನ ಎದೆಗಾನಿಸಿಕೊಂಡು, ಮಗ್ಗಿ ಹೇಳಿಸುತ್ತಿದ್ದಳು. "ಏಳು ಆರ್ಲೆ? ಹೇಳಿ ಸರ್. ಏಳು ಆರ್ಲೆ ಎಷ್ಟು?" ಹೆದರಿದ ಮನುಷ್ಯನ ಉಸಿರು ಹತೋಟಿಗೆ ಬರಲು ಅವಳು ಕಂಡುಕೊಂಡ ಉಪಾಯ ಅದು. ನಲವತ್ತೆರಡು ಎನ್ನುತ್ತಲೇ ರುದ್ರಮುನಿ ನನ್ನ ಏಣಿ ಹತ್ತಿದರು, ಹಲಗೆಯ ಮೇಲೆ ಕವುಚಿಬಿದ್ದು ಕಡಲ ನೀರು ಕಾರಿಕೊಂಡರು. ಆಮೇಲೆ ಅತ್ತರು.

ಎಲ್ಲರೂ ಹತ್ತಿದ ಮೇಲೂ ಅಂಬುಜಾ ಅವರ ಕೈ ಕೆಳಗೆ ಬರಲಿಲ್ಲ. ಸೆಟೆದು ನಿಂತುಬಿಟ್ಟಿತ್ತು. ಚಂದ್ರಕಲಾ ಅವರನ್ನು ಕೆಳಗಿಳಿಸಿ ಕೂರಿಸಿ, ಅಡುಗೆಯ ಕೊಬ್ಬರಿ ಎಣ್ಣೆ ಬಿಸಿ ಮಾಡಿ, ಭುಜದಿಂದ ಬೆರಳಿನವರೆಗೆ ತಿಕ್ಕಿ ತಿಕ್ಕಿ ಆ ಕೈಯನ್ನು ಮಡಿಲಿಗೆ ಇಳಿಸಿದರು.

ಅಗ್ನೇಲ್ ಶೇವಂತಿಯ ಮುಂದೆ ನಿಂತ. "ತಪ್ಪು ನಂದು" ಎಂದ.

"ಹೌದು ಅಗ್ನೇಲಣ್ಣ, ನಿಮ್ಮದೇ" ಎಂದಳು. ಹೇಳಿ, ಅವನಿಗೂ ಒಂದು ಲೋಟ ಚಾ ಬಗ್ಗಿಸಿಕೊಟ್ಟಳು.

ಮರಳುವ ದಾರಿಯಲ್ಲಿ ರುದ್ರಮುನಿ ಕಂಬಳಿ ಹೊದ್ದು ಕೂತಿದ್ದರು. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅಂಬುಜಾ ಅವರೇ ಹೋಗಿ ಪಕ್ಕದಲ್ಲಿ ಕೂತರು.

"ಕೆಳಗ ಏನ ಕಂಡಿತ್ರಿ ನಿಮಗ?"

"ಬಿಡ್ರಿ ಮೇಡಂ. ನಾಚಿಕಿ ಆಗ್ತತಿ."

"ನಾಚಿಕಿ ಆಮ್ಯಾಲೆ ಪಡ್ರಿ. ಏನ ಕಂಡಿತ್ತು ಹೇಳ್ರಿ. ನಮ್ಮೊಳಗ ನೋಡಿದವರು ನೀವೊಬ್ಬರ."

ರುದ್ರಮುನಿ ಕಂಬಳಿಯಿಂದ ಕೈ ಹೊರಗೆ ತೆಗೆದರು. "ಹಳದಿ ಮೀನು. ನೂರು ಇರ್ಬೋದು, ಇನ್ನೂರು ಇರ್ಬೋದು. ಮೈ ಉದ್ದಕ್ಕೂ ನೀಲಿ ಗೆರಿ. ಎಲ್ಲಾ ಒಟ್ಟಿಗೇ ತಿರುಗಿದ್ವು ಮೇಡಂ, ಒಬ್ರು ಹೇಳಿಕೊಟ್ಟಂಗ."

"ಗೆರಿ ಎಷ್ಟಿದ್ವು?"

"ನಾಕು."

"ಹೊಟ್ಟಿ ಬಿಳೇದಿತ್ತೇನು?"

"ಹೌದು, ಬೆಳ್ಳಗಿತ್ತು."

ಅಂಬುಜಾ ಕಣ್ಣು ಮುಚ್ಚಿದರು. "ಲುಟ್ಜಾನಸ್ ಕಾಸ್ಮೀರಾ" ಎಂದು ಆ ಮೀನಿನ ಶಾಸ್ತ್ರೀಯ ಹೆಸರನ್ನು ಉಚ್ಚರಿಸಿದರು, ದೇವರ ಹೆಸರು ಹೇಳಿದ ಹಾಗೆ. "ಮುಂದ ಹೇಳ್ರಿ. ಬಂಡೆಗಲ್ಲಿನ ಮ್ಯಾಲೆ ಏನಿತ್ತು?" ಅಂಬುಜಾ ಕೇಳುತ್ತ ಹೋದರು, ರುದ್ರಮುನಿ ಹೇಳುತ್ತ ಹೋದರು. ದಡ ಬರುವವರೆಗೂ ಆ ಒಂದು ನಿಮಿಷದ ನೋಟವನ್ನೇ ಇಬ್ಬರೂ ಬಿಡಿಸಿ ಬಿಡಿಸಿ ನೋಡಿದರು.

ಜೆಟ್ಟಿಯಲ್ಲಿ ಶೇವಂತಿ ಅಂಬುಜಾ ಅವರ ಚೀಲ ಎತ್ತಿಕೊಟ್ಟಳು. "ಅಮ್ಮಾ, ನಿಮಗೆ ಎಂತದೂ ತೋರಿಸೂಕಾಗ್ಲಿಲ್ಲ."

"ಹೌದವ್ವಾ, ಏನೂ ಕಾಣಲಿಲ್ಲ. ಭಾಳ ಬ್ಯಾಸರಾಗೇದ. ಸುಳ್ಳು ಯಾಕ ಹೇಳಲಿ?" ಎಂದರು ಅಂಬುಜಾ. ಆಮೇಲೆ ಅವಳ ಗಲ್ಲ ಹಿಡಿದು, "ನೀ ಮಾತ್ರ ಹಿಂಗ ಇರು" ಎಂದು ಹೇಳಿ ಬಸ್ಸಿನ ಕಡೆಗೆ ನಡೆದರು. ಅವರನ್ನು ನಾನು ಮತ್ತೆ ನೋಡಲಿಲ್ಲ. ಕಿವಿಯ ವೈದ್ಯರು ಇನ್ನು ಮುಳುಗಬೇಡಿ ಎಂದರೆಂದು ಶೇವಂತಿಗೆ ಬರೆದಿದ್ದರಂತೆ.

ಆ ವಾರವೇ ಅಗ್ನೇಲ್ ನನ್ನ ಚುಕ್ಕಾಣಿಯ ಎದುರಿಗೆ ಒಂದು ಹಲಗೆ ಬಡಿದ. ಅದರ ಮೇಲೆ ಕೆಂಪು ಬಣ್ಣದಲ್ಲಿ ಬರೆದಿತ್ತು: 'ಶೇವಂತಿ ಬೇಡ ಅಂದರೆ ಬೇಡ.' ಆಮೇಲಿನ ಆರು ವರ್ಷ ಅದೇ ನನ್ನ ಕಾನೂನು. ಅವಳು ಎಷ್ಟೋ ಬೆಳಿಗ್ಗೆ ಬೇಡ ಎಂದಳು. ಅತಿಥಿಗಳು ಗೊಣಗುತ್ತ ಮರಳಿದರು, ಆದರೆ ಮರಳಿದರು.

ಅಗ್ನೇಲನ ಎದೆಗೆ ಕಾಯಿಲೆ ಬಂದ ಮೇಲೆ ನಾನು ಹೊನ್ನಾವರದ ಪಕ್ಕದ ಕಾಸರಕೋಡಿನ ಒಬ್ಬನ ಕೈ ಸೇರಿ ಮೂರು ವರ್ಷ ಚಿಪ್ಪು ಹೊತ್ತೆ. ಒಂದು ಮಳೆಗಾಲದಲ್ಲಿ ನನ್ನ ಎಡಪಕ್ಕೆ ಬಿರಿಯಿತು. ಎಂಜಿನ್ನನ್ನು ಬಿಚ್ಚಿಕೊಂಡು, ನನ್ನನ್ನು ಹೊಳೆಯಂಚಿನ ಉಪ್ಪುನೀರಿನಲ್ಲಿ ಬೇರೂರಿದ ಕಾಂಡ್ಲಾ ಗಿಡಗಳ ಪಕ್ಕ ಎಳೆದು ಬಿಟ್ಟರು. ಈಗ ಅರ್ಧ ಕೆಸರಿನಲ್ಲಿ, ಅರ್ಧ ನೀರಿನಲ್ಲಿ ಕೂತಿದ್ದೇನೆ. ಬಿಳಿ ಬಣ್ಣ ಎದ್ದು ಹೋಗಿದೆ. ಕಡಲ ಭರತ ಏರಿ ಬಂದಾಗ ಮೈ ಸ್ವಲ್ಪ ಅಲುಗುತ್ತದೆ, ಅಷ್ಟೇ.

ಭಾನುವಾರ ಬೆಳಿಗ್ಗೆ ಶೇವಂತಿ ಬರುತ್ತಾಳೆ. ಅವಳ ತಲೆಗೂದಲು ನರೆತಿದೆ. ಜೊತೆಗೆ ಹನ್ನೊಂದು ಮಂದಿ ಹೆಂಗಸರು, ಹೊಳೆಯಲ್ಲಿ ಚಿಪ್ಪು ಆರಿಸುವವರು. ಹುಟ್ಟಿದಾಗಿನಿಂದ ನೀರಲ್ಲೇ ದುಡಿದರೂ ಅವರಲ್ಲಿ ಯಾರಿಗೂ ಈಜು ಬರುವುದಿಲ್ಲ. ಅವರಿಗೆ ಈಜು ಕಲಿಸುತ್ತಾಳೆ. ನನ್ನ ಅಂಚನ್ನು ಹಿಡಿದುಕೊಂಡು ಸಾಲಾಗಿ ಕಾಲು ಬಡಿಯುತ್ತಾರೆ. ನನ್ನ ಹಳೆಯ ಹಲಗೆಗಳು ಕಿರುಗುಟ್ಟುತ್ತವೆ.

ಅವರಲ್ಲಿ ಹೊನ್ನಮ್ಮ ಎಂಬಾಕೆಗೆ ಐವತ್ತು ದಾಟಿದೆ. ಏಳು ವಾರವಾದರೂ ಅಂಚು ಬಿಟ್ಟಿರಲಿಲ್ಲ. ಉಳಿದವರು ನಕ್ಕರೂ ಶೇವಂತಿ ಅವಸರ ಮಾಡಲಿಲ್ಲ. "ನಿಮಗೆ ಬೇಕನ್ಸಿದಾಗ ಬಿಡಿ ಹೊನ್ನಕ್ಕ" ಎಂದು ತುಸು ದೂರದಲ್ಲಿ ಎದೆಮಟ್ಟದ ನೀರಿನಲ್ಲಿ ಕಾಯುತ್ತ ನಿಲ್ಲುತ್ತಿದ್ದಳು.

ಹೋದ ಭಾನುವಾರ ಆಕೆಯ ಹತ್ತು ಬೆರಳೂ ನನ್ನ ಮರವನ್ನು ಬಿಗಿಯಾಗಿ ಕಚ್ಚಿಕೊಂಡಿದ್ದವು. ಸ್ವಲ್ಪ ಹೊತ್ತಿಗೆ ಐದಾದವು. ಆಮೇಲೆ ಒಂದೇ ಕಿರುಬೆರಳು. ಆಮೇಲೆ ನನ್ನ ಅಂಚಿನ ಮೇಲೆ ಒದ್ದೆ ಗುರುತು ಮಾತ್ರ ಉಳಿಯಿತು. ಹೊನ್ನಮ್ಮ ನೀರಿನ ಮೇಲೆ ಅಂಗಾತ ಮಲಗಿ, ಆಕಾಶ ನೋಡುತ್ತ, ಎಲ್ಲರಿಗೂ ಕೇಳುವ ಹಾಗೆ ನಗುತ್ತಿದ್ದಳು.