ಹೆರಿಗೆ ಕೋಣೆಗೆ ಹೋದ ಕ್ಯಾಮೆರಾ

ಚನ್ನಗಿರಿಯಲ್ಲಿ ನಾನು ಫೋಟೊ ತೆಗೆಯದ ಮದುವೆ ಎಂದರೆ ಅದು ಓಡಿಹೋಗಿ ಆದ ಮದುವೆಯೇ ಇರಬೇಕು ಎಂದು ನಮ್ಮಮ್ಮ ಉಚ್ಚಂಗೆಮ್ಮ ಊರೆಲ್ಲ ಹೇಳಿಕೊಂಡು ಬರುತ್ತಾಳೆ. ಅದೇ ಅಮ್ಮ ಆ ದಿನ ಬೆಳಿಗ್ಗೆ ನರ್ಸಿಂಗ್ ಹೋಮಿನ ಬೆಂಚಿನ ಮೇಲೆ ಕೂತು ನನ್ನ ಕ್ಯಾಮೆರಾದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಶಿವಲೀಲಾ, ತೊಟ್ಟಿಲಿಗೆ ಹಾಕೋ ತನಕ ಕೂಸಿನ ಫೋಟೊ ತೆಗೀಬಾರ್ದು. ದೃಷ್ಟಿ ಆಗ್ತೈತೆ. ಒಳಗ್ ಹೋಗಾಕೆ ಬ್ಯಾಡ ಅನ್ನಲ್ಲ. ಈ ಡಬ್ಬಿ ಬಿಟ್ಟು ಹೋಗು."

"ಈ ಡಬ್ಬೀನೇ ಕಣಮ್ಮ ನಿನ್ ಮಗಳಿಗೆ ಅನ್ನ ಹಾಕ್ತಿರೋದು."

"ಅನ್ನ ಹಾಕ್ಲಿ. ಕೂಸಿಗೆ ದೃಷ್ಟಿ ಹಾಕೋದು ಬ್ಯಾಡ."

ಒಳಗೆ ಬೇನೆ ತಿನ್ನುತ್ತಿದ್ದವಳು ನನ್ನ ತಮ್ಮ ಮಾರುತೇಶನ ಹೆಂಡತಿ ದುರ್ಗಾಂಬಿಕಾ, ನಮ್ಮೆಲ್ಲರ ದುರ್ಗಿ. ಇದು ಎರಡನೇ ಹೆರಿಗೆ. ಮೊದಲನೆಯದು ಮೂರು ವರ್ಷದ ಹಿಂದೆ ಜಗಳೂರಿನ ತವರಿನಲ್ಲಿ ಆಗಿತ್ತು. ಹೆಣ್ಣುಕೂಸು, ಎರಡೇ ಗಂಟೆ ಬದುಕಿತ್ತು. ರಕ್ತ ಹೋಗಿ ಎಚ್ಚರ ತಪ್ಪಿದ್ದ ದುರ್ಗಿ ಕಣ್ಣು ಬಿಡುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಹಸಿ ಬಾಣಂತಿ ನೋಡಬಾರದು, ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ ಎಂದು ತೀರ್ಮಾನ ಕೊಟ್ಟವಳು ಹೆರಿಗೆಗೆಂದು ಅಲ್ಲಿಗೆ ಹೋಗಿದ್ದ ನಮ್ಮಮ್ಮನೇ. ಆಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಎತ್ತದಿದ್ದರೆ ಮರೆಯುತ್ತಾಳೆ ಎಂದು ನಾವೆಲ್ಲ ಜಾಣರು ಅಂದುಕೊಂಡಿದ್ದೆವು.

ಈ ಸಲ ಏಳು ತಿಂಗಳಾದಾಗ ದುರ್ಗಿ ನನ್ನ ಸ್ಟುಡಿಯೋಗೆ ಬಂದಳು. "ಅಕ್ಕ, ಹುಟ್ಟಿದ ಕೂಡ್ಲೇ ಕೂಸಿನ ಮುಖದ ಫೋಟೊ ತೆಗೀಬೇಕು ನೀನು. ಏನಾದ್ರೂ ಆಗ್ಲಿ, ಈ ಸಲ ಮುಖ ನನ್ ಹತ್ರ ಇರ್ಬೇಕು" ಎಂದಳು. ನನ್ನದು ಬಾಯಿ ಜೋರು. ಆ ದಿನ ಮಾತ್ರ ಮೆಲ್ಲಗೆ "ಆಗ್ಲಿ ಕಣೆ" ಎಂದು ಮಾತು ಕೊಟ್ಟೆ.

ಡಾಕ್ಟರಮ್ಮನ ಮಗಳ ಮದುವೆ ಆಲ್ಬಮ್ ಮಾಡಿಕೊಟ್ಟವಳು ನಾನೇ, ಹಾಗಾಗಿ ಕ್ಯಾಮೆರಾ ಒಳಗೆ ತರಲು ಅವರು ಒಪ್ಪಿದರು. ಜೊತೆಗೆ ಒಬ್ಬಳೇ ಹೆಂಗಸು ಇರಬೇಕು, ತಾಯಿ ಮಗುವಿನ ಮುಖದ ಫೋಟೊ ಮಾತ್ರ, ಫ್ಲಾಶ್ ಕೂಡದು ಎಂದರು. ಒಳಗೆ ಇದ್ದ ಮೇಲೆ ದುರ್ಗಿಯ ಸೊಂಟವನ್ನೂ ನೀವಬೇಕು ಎಂದರು. ನಾನು ಅಮ್ಮನ ಕೈಯಿಂದ ಪಟ್ಟಿ ಬಿಡಿಸಿಕೊಂಡೆ. "ನನ್ ಹೊಟ್ಟೇಲಿ ಹುಟ್ಟಿ ನನ್ ಮಾತೇ ಕೇಳಲ್ಲ" ಎಂದು ಅಮ್ಮ ಗೋಡೆಗೆ ಹೇಳಿದಳು.

ಸೊಂಟ ನೀವುವುದು ಫೋಟೊ ತೆಗೆದಷ್ಟು ಸುಲಭವಲ್ಲ. ನೋವು ಬಂದಾಗೆಲ್ಲ ದುರ್ಗಿ ನನ್ನ ಬಲಗೈಯನ್ನೇ ಹಿಡಿಯುತ್ತಿದ್ದಳು, ಕ್ಯಾಮೆರಾದ ಗುಂಡಿ ಇರುವುದೂ ಬಲಗಡೆಗೇ. ನೋವು ಇಳಿದಾಗ ಸಿಕ್ಕ ಒಂದು ನಿಮಿಷದಲ್ಲಿ ಕ್ಯಾಮೆರಾ ಎತ್ತಿ, ಅಭ್ಯಾಸಬಲದಿಂದ, "ಗದ್ದ ಸ್ವಲ್ಪ ಎತ್ತು, ಭುಜ ಇಳಿಸು, ಹಾಂ, ಹಂಗೇ ಇರು" ಅಂದುಬಿಟ್ಟೆ.

"ಹಂಗೇ ಇರಾಕೆ ಆಗಂಗಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ ಅಕ್ಕ?"

ಸಿಸ್ಟರ್ ನೇತ್ರಾವತಿ ನಕ್ಕು, "ಇನ್ನೂ ಹೊತ್ತೈತೆ, ಓಡಾಡಿಸ್ರಿ" ಎಂದರು. ವರಾಂಡಕ್ಕೆ ಕರೆತಂದೆ. ನನ್ನ ತಮ್ಮ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದವನು ನಮ್ಮನ್ನು ಕಂಡು ಪೊಟ್ಟಣವನ್ನು ಬೆನ್ನ ಹಿಂದೆ ಮಾಡಿದ. "ತಿನ್ರಿ ತಿನ್ರಿ, ಪಾಪ, ನಿಮಗೂ ಸುಸ್ತಾಗಿರ್ತೈತೆ" ಎಂದಳು ದುರ್ಗಿ. ಅವನು ನಿಜಕ್ಕೂ ತಿಂದ.

ಮಧ್ಯಾಹ್ನ ಎರಡರ ಹೊತ್ತಿಗೆ ಕೂಸು ಹೊರಗೆ ಬಂತು. ಡಾಕ್ಟರಮ್ಮ ಒಂದೇ ಕ್ಷಣ ಎತ್ತಿ ಹಿಡಿದರು.

"ಮೇಡಮ್, ಇನ್ನೊಂದ್ ಸಲ ಎತ್ತಿ ಹಿಡೀರಿ, ಫೋಕಸ್ ಆಗ್ಲಿಲ್ಲ!" ಎಂದು ಕೂಗಿದೆ. ಮದುವೆಯಲ್ಲಿ ಮದುಮಗನ ಕೈಯಿಂದ ತಾಳಿಯನ್ನೇ ಎರಡು ಸಲ ಕಟ್ಟಿಸುವವಳು ನಾನು. ಪುರೋಹಿತರೂ ಮಂತ್ರ ನಿಲ್ಲಿಸಿ ಕಾಯುತ್ತಾರೆ. ಇಲ್ಲಿ ಯಾರೂ ಕಾಯಲಿಲ್ಲ, ಯಾರೂ ನಗಲಿಲ್ಲ. ಕೂಸು ಅತ್ತಿರಲಿಲ್ಲ.

ಅದನ್ನು ಮೂಲೆಯ ಮೇಜಿಗೆ ಒಯ್ದು, ಬೆನ್ನು ಉಜ್ಜುತ್ತ, ಬಾಯಿಗೆ ಕೊಳವೆ ಹಾಕಿದರು. ದುರ್ಗಿಗೆ ಕಾಣುತ್ತಿದ್ದದ್ದು ಅವರ ಬೆನ್ನುಗಳು ಮಾತ್ರ.

"ಅಕ್ಕ, ತೆಗಿ."

"ಅಳ್ಲಿ ತಡಿ, ದುರ್ಗಿ."

"ಅತ್ರೂ ತೆಗಿ, ಅಳ್ದಿದ್ರೂ ತೆಗಿ. ಮಾತು ಕೊಟ್ಟೀಯ ನೀನು."

ನನಗೆ ಭಯವಾಯಿತು. ಈಗ ಗುಂಡಿ ಒತ್ತಿದರೆ ಕೂಸು ಉಳಿಯುವುದಿಲ್ಲ ಎಂದು ನಾನೇ ಒಪ್ಪಿಕೊಂಡ ಹಾಗೆ. ದೃಷ್ಟಿ ಗಿಷ್ಟಿ ಎಲ್ಲ ಸುಳ್ಳು ಎಂದು ಅಮ್ಮನ ಜೊತೆ ಜಗಳವಾಡಿದ ನಾನು, ಅಮ್ಮನೇ ಸರಿ ಇದ್ದರೆ ಏನು ಗತಿ ಎಂದು ಈಗ ಯೋಚಿಸುತ್ತಿದ್ದೆ. ಆದರೂ ಮೂಲೆಗೆ ಹೋದೆ. ಡಾಕ್ಟರಮ್ಮನ ಭುಜದ ಪಕ್ಕದಿಂದ ಒಂದು ತೆಗೆದೆ, ಎರಡು ತೆಗೆದೆ. ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ. ಮೂರನೆಯದಕ್ಕೆ ಕೂಸು ಮುಖ ಕಿವುಚಿಕೊಂಡು, ಊಟ ಸಿಗದ ಬೀಗರ ಹಾಗೆ ಕಿರುಚಿತು.

"ಹೆಣ್ಣು. ಗಟ್ಟಿ ಐತೆ" ಎಂದರು ನೇತ್ರಾವತಿ. "ಈಗ ತೆಗೀರಿ ಎಷ್ಟು ಬೇಕಾದ್ರೂ." ನನಗೆ ಅಳುವುದರಲ್ಲೇ ಪುರುಸೊತ್ತಿರಲಿಲ್ಲ.

ವಾರ್ಡಿಗೆ ಬಂದ ಮೇಲೆ ಅಮ್ಮ ಕೂಸನ್ನು ನೋಡುವ ಮೊದಲೇ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು.

"ತೆಗೆದ್ಯಾ?"

"ತೆಗೆದೆ."

"ತೋರ್ಸು."

ಕನ್ನಡಕ ಹಾಕಿಕೊಂಡು ಆ ಪುಟ್ಟ ಪರದೆಯನ್ನು ತುಂಬ ಹೊತ್ತು ನೋಡಿದಳು. ದೊಡ್ಡದು ಮಾಡಾಕೆ ಬರ್ತೈತಾ ಎಂದು ಕೇಳಿದಳು. ಮಾಡಿಕೊಟ್ಟೆ. ಅದು ಅಳುವ ಮೊದಲಿನ ಫೋಟೊ, ಕಣ್ಣು ಮುಚ್ಚಿದ ಮುಖ.

"ಆ ಕೂಸಿಗೂ ಹಿಂಗೇ ಹಣೆ ಇತ್ತು" ಎಂದಳು ಅಮ್ಮ.

ಮಂಚದ ಮೇಲಿದ್ದ ದುರ್ಗಿ ತಲೆ ಎತ್ತಿದಳು. "ನೀವು ನೋಡಿದ್ರಾ ಅತ್ತೆ?"

"ನೋಡ್ದೆ ಏನೇ. ಎರಡು ಗಂಟೆಯೂ ನನ್ ತೊಡೆ ಮೇಲೇ ಇತ್ತು."

ಮೂರು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದಕ್ಕೆ ಅಮ್ಮನನ್ನು ಸರಿಯಾಗಿ ತರಾಟೆಗೆ ತೆಗೆದುಕೊಳ್ಳಬೇಕೆಂದು ಬಾಯಿ ತೆರೆದೆ. ದುರ್ಗಿ ಸುಮ್ಮನಿರು ಎಂದು ಕೈಸನ್ನೆ ಮಾಡಿದಳು. ಮಗುವನ್ನು ಎತ್ತಿಕೊಂಡೇ ಮೆಲ್ಲಗೆ ಪಕ್ಕಕ್ಕೆ ಸರಿದು, ಮಂಚದ ಮೇಲೆ ಅಮ್ಮನಿಗೆ ಜಾಗ ಮಾಡಿದಳು.

"ಇಲ್ಲಿ ಕುಂತ್ಕೊಳ್ರಿ ಅತ್ತೆ. ಹಣೆ ಆಯ್ತು. ಮೂಗು ಹೆಂಗಿತ್ತು ಹೇಳ್ರಿ."