ಒಂಬತ್ತು ಸಲ ಕರೆದ ಪೆಟ್ಟಿಗೆ

ಕೆಲಸದ ಜಾಗಕ್ಕೆ ಹೊಸ ಯಂತ್ರ ಬಂತು ಅಂದರೆ ಸಾಕು, ನಮ್ಮ ಹೊಟ್ಟೆಯಲ್ಲಿ ಒಂದೇ ಪ್ರಶ್ನೆ ಏಳುತ್ತೆ: "ಇನ್ನು ನಮ್ಮ ಗತಿ ಏನಪ್ಪಾ?" ಐಸ್ ಫ್ಯಾಕ್ಟರಿಯಲ್ಲಿ ಇಪ್ಪತ್ತಾರು ವರ್ಷ ದುಡಿದ ಐಸಣ್ಣನಿಗೂ ಆ ಪ್ರಶ್ನೆ ಎದ್ದಿತ್ತು. ಆದರೆ ಅವನು ಯಾರ ಮುಂದೆಯೂ ಬಾಯಿಬಿಡಲಿಲ್ಲ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಓಣಿಯವರಿಗೆ ಮಾತ್ರ ಅವನು ಐಸಣ್ಣ. ಹೆಸರಿಗೆ ತಕ್ಕಂತೆ ಮನುಷ್ಯ ತಣ್ಣಗಿರಲಿಲ್ಲ, ಕೋಪ ಮೂಗಿನ ತುದಿಯಲ್ಲೇ. ಅವನದು ಮಿಷನ್ ರೂಮಿನ ಕೆಲಸ. ನೀರನ್ನು ಗಡ್ಡೆ ಕಟ್ಟಿಸೋಕೆ ಅಲ್ಲಿನ ಕೊಳವೆಗಳಲ್ಲಿ ಅಮೋನಿಯಾ ಅನಿಲ ಓಡುತ್ತೆ. ಕೊಳವೆಯೊಳಗೆ ಇರೋವರೆಗೆ ಅದು ಅನ್ನ ಹಾಕುತ್ತೆ. ಹೊರಗೆ ಬಂದರೆ ಕಣ್ಣು, ಎದೆ ಎಲ್ಲಾ ಸುಡುತ್ತೆ. ಪಕ್ಕದ ಕೋಣೆಯಲ್ಲಿ ಐಸ್ ಗಡ್ಡೆ ಎತ್ತೋ ಕೆಲಸ ಅವನ ಸ್ವಂತ ತಮ್ಮನದು. ಐಸಣ್ಣನೇ ಕೈಹಿಡಿದು ಕರೆತಂದು ಸೇರಿಸಿದ್ದ.

ಒಂದು ದಿನ ಮಾಲೀಕರು ಮಿಷನ್ ರೂಮಿನ ಗೋಡೆಗೆ ಸೋಪಿನ ಡಬ್ಬಿಯಷ್ಟು ದೊಡ್ಡ ಬಿಳಿ ಪೆಟ್ಟಿಗೆಯೊಂದನ್ನು ಹೊಡೆಸಿದರು. ಅದಕ್ಕೆ ಇಂಟರ್ನೆಟ್ ಇದೆ, ಅನಿಲ ಸೋರಿದರೆ ಸೀದಾ ಐಸಣ್ಣನ ಫೋನಿಗೆ ಹೇಳುತ್ತೆ ಅಂದರು. ಗೋಡೆಗೆ ಸೈರನ್ ಬೇಡ, ಫೋನ್ ಇದೆಯಲ್ಲ ಅಂದರು. ಅದೇ ವಾರ ಮಿಷನ್ ರೂಮಿನ ಇನ್ನೊಬ್ಬ ಕೆಲಸಗಾರನನ್ನು ಲೋಡಿಂಗ್‌ಗೆ ಕಳಿಸಿದರು.

"ಕಾಯೋಕೆ ಪೆಟ್ಟಿಗೆ ಇದೆ. ಇಬ್ಬರು ಯಾಕೆ?" ಅಂದರು ಮಾಲೀಕರು.

ಪೆಟ್ಟಿಗೆ ಬಳಸೋದು ಹೇಗೆ ಅಂತ ತರಬೇತಿಯೂ ಇತ್ತು. ರಜೆ ದಿನ, ಅದೂ ಸಂಬಳ ಇಲ್ಲದೆ. ಐಸಣ್ಣ ಹೋಗಲಿಲ್ಲ.

ಆ ಸಂಜೆ ಎದುರು ಮನೆಯ ಮೀಟರ್ ಅಕ್ಕ ಜಗಲಿಗೆ ಬಂದು ಕೂತಳು. ಹದಿನೈದು ವರ್ಷ ಮನೆಮನೆ ತಿರುಗಿ ಕರೆಂಟ್ ಮೀಟರ್ ಓದಿದವಳು ಅವಳು. ಮೀಟರುಗಳೇ ಲೆಕ್ಕ ಕಳಿಸೋಕೆ ಶುರುಮಾಡಿದ ಮೇಲೆ ಅವನ್ನು ಕೂರಿಸೋ ಕೆಲಸ ಕಲಿತಿದ್ದಳು.

"ತರಬೇತಿಗೆ ಯಾಕೆ ಹೋಗಲಿಲ್ಲ ಐಸಣ್ಣ?"

"ನನ್ನ ಮೂಗಿಗಿಂತ ದೊಡ್ಡ ಯಂತ್ರ ಇದೆಯೇನಕ್ಕಾ? ಇಪ್ಪತ್ತಾರು ವರ್ಷ ಈ ಮೂಗೇ ಕಾದಿದೆ."

ಒಳಗಿಂದ ಹೆಂಡತಿ ಕೂಗಿದಳು. "ಹೌದೌದು, ನಿನ್ನೆ ಹಾಲು ಹತ್ತಿ ಪಾತ್ರೆ ಕರಕಲಾದಾಗ ಪಕ್ಕದಲ್ಲೇ ಕೂತಿತ್ತು ಆ ಮೂಗು!"

ಮೀಟರ್ ಅಕ್ಕ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ತಮಾಷೆ ಅಲ್ಲ ಕಣಪ್ಪ. ದಿನಾ ಒಂದೇ ವಾಸನೆ ಕುಡಿದ ಮೂಗಿಗೆ ಅದು ಗೊತ್ತೇ ಆಗಲ್ಲ."

"ಕಲಿತರೆ ಕೆಲಸ ಉಳಿಯುತ್ತಾ? ನಿಜ ಹೇಳು."

"ಸುಳ್ಳು ಹೇಳಲ್ಲ. ನಾವು ಹನ್ನೊಂದು ಜನ ಇದ್ವಿ. ನಾಲ್ಕು ಜನ ಕಲಿತ್ವಿ, ಮೂರು ಜನ ಉಳಿದ್ವಿ. ಕಲಿಯದೇ ಇದ್ದವರಲ್ಲಿ ಒಬ್ಬರೂ ಉಳೀಲಿಲ್ಲ." ಆಮೇಲೆ ಕೇಳಿದಳು. "ಅದಿರಲಿ, ಪೆಟ್ಟಿಗೆ ಕೂಗಿದರೆ ಓಡೋದು ಯಾರು? ಜೊತೆಗೆ ಇನ್ನೊಬ್ಬ ಇಲ್ಲದೆ ನೀನೊಬ್ಬನೇ ಏನು ಮಾಡ್ತೀಯಾ? ಅದನ್ನಾದರೂ ಮಾಲೀಕರ ಹತ್ತಿರ ಕೇಳು."

"ಕೇಳಿದರೆ ನನ್ನನ್ನೇ ಮನೆಗೆ ಕಳಿಸ್ತಾರೆ," ಅಂದ ಐಸಣ್ಣ. ಹೊಟ್ಟೆಯಲ್ಲಿದ್ದ ಮಾತು ಅವತ್ತು ಒಂದೇ ಒಂದು ಸಲ ಹೊರಗೆ ಬಂತು.

ಮೊದಲ ವಾರದಲ್ಲೇ ಫೋನು ಹನ್ನೆರಡು ಸಲ ಕಿರುಚಿತು. ಎಣ್ಣೆ ಬಸಿದರೆ ಕಿರುಚು, ಒಂದು ಬೋಲ್ಟ್ ಬಿಗಿ ಮಾಡಿದರೆ ಕಿರುಚು. ಪ್ರತಿ ಸಲ ಓಡಿ ನೋಡಿದರೆ ಏನೂ ಇಲ್ಲ. ಯಾವ ಕೂಗಿಗೆ ಹೆದರಬೇಕು, ಯಾವುದಕ್ಕೆ ಬೇಡ ಅಂತ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಅವನು ಅಲ್ಲಿರಲಿಲ್ಲ. ಹದಿಮೂರನೇ ಸಲಕ್ಕೆ, "ಸಾಯಲಿ ಇದು," ಅಂತ ಫೋನಿನ ಸದ್ದು ಆರಿಸಿ ಜೇಬಿಗೆ ತುರುಕಿದ. ಯಾರಿಗೂ ಹೇಳಲಿಲ್ಲ.

ಹತ್ತು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಗೇಟಿಗೆ ಲಾರಿ ಬಂತು. ತೂಕ ಬರೆಯೋಕೆ ಆಳಿಲ್ಲ. "ಪೆಟ್ಟಿಗೆ ನೋಡ್ಕೊಳ್ಳುತ್ತೆ, ನೀನು ಬಾ," ಅಂತ ಮಾಲೀಕರು ಕರೆದರು. ಐಸಣ್ಣ ಮಿಷನ್ ರೂಮ್ ಬಿಟ್ಟು ಹೋದ. ಅವನು ಗೇಟಿನಲ್ಲಿ ನಿಂತಿದ್ದಾಗ ಒಂದು ಹಳೇ ವಾಲ್ವಿನಿಂದ ಅನಿಲ ಸೋರಿತು. ಬಾಗಿಲ ಸಂದಿಯಿಂದ ಗಡ್ಡೆ ಎತ್ತೋ ಕೋಣೆಗೆ ನುಗ್ಗಿತು. ಒಳಗೆ ತಮ್ಮ ಒಬ್ಬನೇ ಇದ್ದ.

ಲೋಡಿಂಗ್‌ನವರು ಕೂಗಿಕೊಂಡಾಗಲೇ ಐಸಣ್ಣನಿಗೆ ಗೊತ್ತಾಗಿದ್ದು. ಒದ್ದೆ ಗೋಣಿಚೀಲ ಮುಖಕ್ಕೆ ಒತ್ತಿಕೊಂಡು ನುಗ್ಗಿದ. ವಾಲ್ವ್ ತಿರುಗಿಸಿದ. ಪಕ್ಕದ ಕೋಣೆಯಲ್ಲಿ ತಮ್ಮ ನೆಲದ ಮೇಲೆ ಬಿದ್ದಿದ್ದ, ಎರಡೂ ಅಂಗೈ ಕಣ್ಣಿಗೆ ಒತ್ತಿಕೊಂಡು. ಕಂಕುಳಿಗೆ ಕೈಕೊಟ್ಟು ಹೊರಗೆ ಎಳೆದು ತಂದು ನಲ್ಲಿ ಕೆಳಗೆ ಮಲಗಿಸಿ ಕಣ್ಣಿಗೆ ನೀರು ಬಿಟ್ಟ. ಬಿಡ್ತಾನೇ ಇದ್ದ. ಆಸ್ಪತ್ರೆಯ ಗಾಡಿ ಬಂದಾಗ ಅವನ ಕೈ ಹಿಡಿದು ಬಿಡಿಸಬೇಕಾಯಿತು.

ತಮ್ಮ ಬದುಕಿದ. ಬಲಗಣ್ಣು ಹೋಯಿತು. ಎಡಗಣ್ಣಿಗೆ ಮಬ್ಬು ಬೆಳಕಷ್ಟೇ. ಎದೆಯೊಳಗೆ ಸುಟ್ಟಿದ್ದರಿಂದ ನಾಲ್ಕು ಹೆಜ್ಜೆ ನಡೆದರೆ ಏದುಸಿರು. "ಐದು ನಿಮಿಷ ಮೊದಲೇ ಹೊರಗೆ ತಂದಿದ್ದರೆ ಇಷ್ಟಾಗ್ತಿರಲಿಲ್ಲ," ಅಂದರು ಡಾಕ್ಟರು.

ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ತಮ್ಮ ಕೇಳಿದ. "ಅಣ್ಣಾ, ಪೆಟ್ಟಿಗೆ ಕೂಗಲಿಲ್ವಾ?"

ಐಸಣ್ಣ ಜೇಬಿನ ಫೋನಿನ ಮೇಲೆ ಕೈಯಿಟ್ಟ. "ಇಲ್ಲ ಕಣೋ. ಕೂಗಲಿಲ್ಲ."

ಆ ಮಾತು ಕಾಳ್ಗಿಚ್ಚಿನ ಹಾಗೆ ಹಬ್ಬಿತು. ಪೆಟ್ಟಿಗೆ ಕೈಕೊಟ್ಟಿದೆ, ಕಿತ್ತೆಸೀಬೇಕು ಅಂತ ಕೆಲಸಗಾರರೆಲ್ಲ ಗಲಾಟೆ ಎಬ್ಬಿಸಿದರು. ಐಸಣ್ಣ ಮಾತ್ರ ಊಟ ಬಿಟ್ಟ. ತುತ್ತು ಕಲಸಿ ಹಾಗೇ ಕೂರುತ್ತಿದ್ದ.

ಮೀಟರ್ ಅಕ್ಕ ನೋಡೋಕೆ ಬಂದಳು. ಅವನೇ ಫೋನ್ ತೆಗೆದು ಅವಳ ಕೈಗಿಟ್ಟ. ಅವಳು ಓದಿದಳು. ಒಂದಲ್ಲ, ಎರಡಲ್ಲ, ಒಂಬತ್ತು ಸಂದೇಶ. ನಿಮಿಷಕ್ಕೊಂದರಂತೆ.

"ಒಂಬತ್ತು ಸಲ ಕರೆದಿದೆ ಅಕ್ಕಾ. ನಾನೇ ಅದರ ಬಾಯಿ ಕಟ್ಟಿದ್ದೆ."

ಮೀಟರ್ ಅಕ್ಕ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಫೋನನ್ನು ಅವನ ಕೈಗೇ ಮರಳಿಸಿ ಇಷ್ಟೇ ಅಂದಳು: "ನಿನ್ನ ತಪ್ಪು ನೀನು ಒಪ್ಕೋ. ಅವರ ತಪ್ಪನ್ನೂ ನಿನ್ನ ತಲೆ ಮೇಲೆ ಹೊತ್ಕೋಬೇಡ. ಪೆಟ್ಟಿಗೆ ಕಿತ್ತೆಸೆದರೆ ನಾಳೆ ಇನ್ನೊಬ್ಬರ ಮನೆ ಮಗ ಹೋಗ್ತಾನೆ."

ಐಸಣ್ಣ ತಮ್ಮನ ಮಂಚದ ಪಕ್ಕ ನೆಲದ ಮೇಲೆ ಕೂತು ಎಲ್ಲ ಹೇಳಿದ. ತಮ್ಮನ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ತಮ್ಮ ಗೋಡೆ ಕಡೆ ಹೊರಳಿ ಮಲಗಿದ. ಮೂರು ದಿನ ಅಣ್ಣನ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ ಐಸಣ್ಣ ನೀರಿನ ಲೋಟ ಹಿಡಿದಾಗ ತಮ್ಮ ಅದನ್ನು ತಡಕಾಡಿ ಹುಡುಕಿ, ಸಿಕ್ಕಿದ ಅವನ ಮಣಿಕಟ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡ.

"ಹೋಗಿ ಅಲ್ಲಿ ಹೇಳು ಅಣ್ಣಾ," ಅಂದ. "ನನಗೆ ಹೇಳಿದ ಹಾಗೇ ಹೇಳು."

ಫ್ಯಾಕ್ಟರಿಯಲ್ಲಿ ಎಲ್ಲರ ಎದುರು ಐಸಣ್ಣ ಫೋನ್ ತೋರಿಸಿದ. ಮಾಲೀಕರು ನಿಟ್ಟುಸಿರು ಬಿಟ್ಟರು. "ಹಾಗಾದರೆ ಮುಗೀತಲ್ಲ. ತಪ್ಪು ನಿನ್ನದೇ."

"ನನ್ನದೇ ಸ್ವಾಮಿ. ಸಾಯೋವರೆಗೂ ನನ್ನದೇ. ಆದರೆ ನನ್ನ ಜೊತೆಗಾರನನ್ನು ಯಾಕೆ ತೆಗೆದ್ರಿ? ಒಂದೇ ಫೋನಿಗೆ ಯಾಕೆ ಕಟ್ಟಿದ್ರಿ? ಕಲಿಸೋಕೆ ರಜೆ ದಿನವೇ ಬೇಕಿತ್ತಾ? ನನ್ನನ್ನು ಗೇಟಿಗೆ ಕರೆದವರು ಯಾರು? ಪೆಟ್ಟಿಗೆ ಬರೀ ಕೂಗುತ್ತೆ ಸ್ವಾಮಿ. ವಾಲ್ವ್ ತಿರುಗಿಸೋಕೆ ಅದಕ್ಕೆ ಕೈ ಇಲ್ಲ."

ಲೋಡಿಂಗ್‌ಗೆ ಹೋಗಿದ್ದ ಜೊತೆಗಾರ ಬಂದು ಐಸಣ್ಣನ ಪಕ್ಕ ನಿಂತ. ಆಮೇಲೆ ಇನ್ನೊಬ್ಬ, ಮತ್ತೊಬ್ಬ.

ಎಲ್ಲರೂ ಸೇರಿ ಕೇಳಿದರೂ ಎರಡು ತಿಂಗಳು ಹಿಡಿಯಿತು. ಗೋಡೆಗೆ ಸೈರನ್ ಬಂತು. ಸಂದೇಶ ಈಗ ನಾಲ್ಕು ಫೋನಿಗೆ ಹೋಗುತ್ತೆ. ಮಿಷನ್ ರೂಮಿನಲ್ಲಿ ಮತ್ತೆ ಇಬ್ಬರು. ತರಬೇತಿ ಕೆಲಸದ ಹೊತ್ತಿನಲ್ಲೇ. ತಮ್ಮನಿಗೆ ಪರಿಹಾರ ಬಂತು, ಕಣ್ಣು ಬರಲಿಲ್ಲ.

ಅವನ ಹೆಂಡತಿ ಒಂದು ದಿನ ಐಸಣ್ಣನ ಮುಂದೆ ನಿಂತಳು. "ಭಾವ, ತರಬೇತಿಗೆ ನನ್ನ ಹೆಸರೂ ಬರೆಸಿ. ಪೆಟ್ಟಿಗೆ ನೋಡ್ಕೊಳ್ಳೋ ಕೆಲಸ ನಾನು ಕಲೀತೀನಿ."

"ಅದೇ ಜಾಗಕ್ಕೆ ಹೋಗ್ತೀಯೇನೇ?" ಅಂದ ಗಂಡ.

"ಮನೆ ನಡೀಬೇಕಲ್ಲ. ಅದೂ ಅಲ್ಲದೆ, ಅದು ಕೂಗಿದರೆ ನನಗಿಂತ ಬೇಗ ಯಾರು ಓಡ್ತಾರೆ ಹೇಳಿ?"

ತರಬೇತಿಯ ದಿನ ಬೆಳಿಗ್ಗೆ ಅವಳು ಹೊರಟಾಗ ಅವನು ಗೋಡೆ ಹಿಡಿದು ಬಾಗಿಲವರೆಗೆ ಬಂದ. ಹೆಜ್ಜೆ ಸಪ್ಪಳ ಕೇಳದಾದ ಮೇಲೂ ಅಲ್ಲೇ ನಿಂತಿದ್ದ.

ಐಸಣ್ಣ ಈಗ ಹೊಸಬರಿಗೆ ತಾನೇ ಪಾಠ ಹೇಳುತ್ತಾನೆ. ಚೆನ್ನಾಗಿಯೇ ಹೇಳುತ್ತಾನೆ. ಆದರೆ ಫೋನಿನ ಸದ್ದು ಆರಿಸೋ ಗುಂಡಿ ತೋರಿಸೋ ಹೊತ್ತಿಗೆ ಇವತ್ತಿಗೂ ಅವನು ಫೋನ್ ಕೆಳಗಿಟ್ಟುಬಿಡುತ್ತಾನೆ. ಆ ಒಂದು ಪಾಠವನ್ನು ತಮ್ಮನ ಹೆಂಡತಿ ಹೇಳಿ ಮುಗಿಸುತ್ತಾಳೆ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕೆಲಸದ ಜಾಗಕ್ಕೂ ಇಂಟರ್ನೆಟ್ ಇರೋ ಯಂತ್ರ ಬಂದಿರಬಹುದು, ಇಲ್ಲವೇ ನಾಳೆ ಬರಬಹುದು. ಹೆದರಿ ಮುಖ ತಿರುಗಿಸಬೇಡಿ. ಅದನ್ನೇ ನಂಬಿ ನಿದ್ದೆಯನ್ನೂ ಮಾಡಬೇಡಿ. ಕಲಿಸಿ ಅಂತ ಕೇಳಿ, ಕೆಲಸದ ಹೊತ್ತಿನಲ್ಲೇ ಕಲಿಸಿ ಅಂತ ಕೇಳಿ. ಅದು ಕೂಗಿದರೆ ಯಾರ್ಯಾರಿಗೆ ಕೇಳಿಸುತ್ತೆ, ಓಡೋಕೆ ಎಷ್ಟು ಜನ ಇದ್ದಾರೆ ಅಂತ ಇವತ್ತೇ ವಿಚಾರಿಸಿ. ಸುಮ್ಮಸುಮ್ಮನೆ ಕೂಗಿದರೆ ಸರಿಮಾಡಿಸಿ, ಬಾಯಿ ಮುಚ್ಚಿಸಬೇಡಿ. ಒಬ್ಬರೇ ಕೇಳೋಕೆ ಭಯ ಆದರೆ ನಾಲ್ಕು ಜನ ಸೇರಿ ಕೇಳಿ. ಮೊದಲು ನಿಮ್ಮ ಪಕ್ಕದಲ್ಲಿ ದುಡಿಯೋ ಮನುಷ್ಯನ ಮುಖ ಒಮ್ಮೆ ನೋಡಿ, ಆಮೇಲೆ ಹೋಗಿ ಕೇಳಿ.