ಎಲ್ಲ ಫೋಟೊಗಳೂ ಚೆನ್ನಾಗಿವೆ

ಭಾನುವಾರ ಸಂಜೆ ನಾಲ್ಕೂವರೆಗೆ ಸ್ಟುಡಿಯೋದಿಂದ ಫೋಟೊಗಳು ಮನೆಗೆ ಬಂದವು. ಒಂದನ್ನು ಬಿಟ್ಟು ಉಳಿದವೆಲ್ಲ ಮಸುಕಾಗಿದ್ದವು.

ತಂದವಳು ಮಗಳು. ಲಕೋಟೆಯನ್ನು ಊಟದ ಮೇಜಿನ ಮೇಲಿಟ್ಟು, ಚಪ್ಪಲಿ ಬಿಡುವ ಮೊದಲೇ "ಅಪ್ಪಾ, ಬಂತು" ಎಂದು ಕೂಗಿದಳು. ಅಪ್ಪ ಒಳಗೆ ಮಲಗಿದ್ದ. ಅವನು ಸಿಟಿ ಬಸ್ಸಿನ ಡ್ರೈವರ್. ವಾರದಲ್ಲಿ ಆರು ದಿನ ಬೆಳಗಿನ ಮೊದಲ ಬಸ್ಸು ಅವನದು, ಏಳನೆಯ ದಿನ ನಿದ್ದೆ ಅವನದು. ಅಮ್ಮ ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು. ಗಾರ್ಮೆಂಟ್ಸ್‌ನಲ್ಲಿ ಅವಳದು ಚೆಕಿಂಗ್ ಕೆಲಸ. ಹೊಲಿದು ಬಂದ ಅಂಗಿಗಳನ್ನು ದಿನವಿಡೀ ನಿಂತು ನೋಡಬೇಕು. ಹೊಲಿಗೆ ಬಿಟ್ಟಿದ್ದರೆ, ಕಾಲರು ಸೊಟ್ಟಗಿದ್ದರೆ, ಎಣ್ಣೆ ಕಲೆಯಿದ್ದರೆ ಅಲ್ಲಿ ಕೆಂಪು ಸ್ಟಿಕರ್ ಅಂಟಿಸಬೇಕು. ಅವಳ ಹಿಮ್ಮಡಿಗಳಿಗೆ ಭಾನುವಾರವೆಂಬುದೇ ಇರಲಿಲ್ಲ.

ನಾಲ್ಕನೆಯವಳು ಅತ್ತೆ, ಅಂದರೆ ಅಪ್ಪನ ಅಕ್ಕ. ಎರಡು ಬೀದಿ ಆಚೆ ಒಬ್ಬಳೇ ಇದ್ದಾಳೆ. ಚಹಾದ ಹೊತ್ತಿಗೆ ಸರಿಯಾಗಿ ಬರುತ್ತಾಳೆ, ಬಂದು "ನನಗೆ ಚಹಾ ಬೇಡ" ಎನ್ನುತ್ತಾಳೆ, ಎರಡು ಲೋಟ ಕುಡಿಯುತ್ತಾಳೆ.

ಅಪ್ಪನ ಕ್ಯಾಮೆರಾ ಹಳೆಯದು. ನಿವೃತ್ತನಾದ ಕಂಡಕ್ಟರ್ ಒಬ್ಬನಿಂದ ಕೊಂಡದ್ದು. ಅದರಲ್ಲಿ ಏನೂ ತಾನಾಗಿ ಆಗುವುದಿಲ್ಲ. ಕಿಂಡಿಯಲ್ಲಿ ಕಣ್ಣಿಟ್ಟು, ಲೆನ್ಸಿನ ಸುತ್ತ ಇರುವ ಬಳೆಯನ್ನು ಕೈಯಿಂದಲೇ ತಿರುಗಿಸಿ, ಎದುರಿಗಿರುವುದು ಸ್ಪಷ್ಟವಾದಾಗ ಗುಂಡಿ ಒತ್ತಬೇಕು. ಅಪ್ಪ ಅದರಲ್ಲಿ ತೆಗೆಯುತ್ತಿದ್ದದ್ದು ಮನೆಯವರನ್ನೇ. ಮಗಳು ಬಾಯಿ ತುಂಬ ನೊರೆ ಮಾಡಿಕೊಂಡು ಹಲ್ಲುಜ್ಜುವುದು, ಅಮ್ಮ ಬಟ್ಟೆ ಮಡಿಚುತ್ತ ಆಕಳಿಸುವುದು, ಅತ್ತೆ ಪಾರ್ಕಿನ ಬೆಂಚಿನಲ್ಲಿ ಬಾಯಿ ತೆರೆದು ನಿದ್ದೆ ಮಾಡುವುದು. "ಮದುವೆ ಫೋಟೊ ಯಾರು ಬೇಕಾದ್ರೂ ತೆಗೀತಾರೆ. ಹಲ್ಲುಜ್ಜೋದನ್ನ ಯಾರು ತೆಗೀತಾರೆ?" ಎನ್ನುತ್ತಿದ್ದ. "ಯಾರೂ ಕೇಳಿಲ್ಲ, ಅದಕ್ಕೇ ತೆಗೆಯಲ್ಲ" ಎಂದು ಅತ್ತೆ ಉತ್ತರಿಸುತ್ತಿದ್ದಳು.

ಫೋಟೊ ನೋಡುವುದಕ್ಕೆ ಆ ಮನೆಯಲ್ಲಿ ಒಂದು ನಿಯಮವಿತ್ತು. ಎಲ್ಲರೂ ಮೇಜಿನ ಸುತ್ತ ಕೂರಬೇಕು. ಒಬ್ಬೊಬ್ಬರು ಒಂದೊಂದು ಫೋಟೊ ಆರಿಸಿ, ಅದರಲ್ಲಿ ಏನು ಚೆನ್ನಾಗಿದೆ ಎಂದು ಹೇಳಬೇಕು. ತಪ್ಪು ಹೇಳುವಂತಿಲ್ಲ. ನಿಯಮ ಮಾಡಿದವಳು ಅಮ್ಮ. ಮಗಳು ಚಿಕ್ಕವಳಿದ್ದಾಗ ಒಂದು ಫೋಟೊದಲ್ಲಿ ಅತ್ತೆಯ ತಲೆ ಪೂರ್ತಿ ಕತ್ತರಿಸಿಹೋಗಿತ್ತು. ಅತ್ತೆಯೂ ಮಗಳೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು, ಬಂದುಹೋದವರಿಗೆಲ್ಲ ತೋರಿಸಿ ನಕ್ಕಿದ್ದರು. ಅಪ್ಪ ಕ್ಯಾಮೆರಾವನ್ನು ಅಟ್ಟಕ್ಕೆ ಹಾಕಿದ. ಮತ್ತೆ ಅದನ್ನು ಇಳಿಸುವಷ್ಟರಲ್ಲಿ ಒಂದು ವರ್ಷವೇ ಕಳೆದಿತ್ತು. ಅದಾದ ಮೇಲೆ ಬಂದದ್ದು ಈ ನಿಯಮ. ಇಡೀ ದಿನ ತಪ್ಪು ಹುಡುಕಿಯೇ ಸಂಬಳ ಪಡೆಯುವ ಅಮ್ಮನಿಗೆ, ಮನೆಯಲ್ಲಾದರೂ ಆ ಕೆಲಸ ಇಲ್ಲವಲ್ಲ ಎಂದು ನೆಮ್ಮದಿಯಾಗಿತ್ತು.

ಅಪ್ಪ ಮುಖ ತೊಳೆದು ಬಂದು ಕೂತ. ಹಿಂದಿನ ಭಾನುವಾರ ಕೆರೆಯ ಪಾರ್ಕಿಗೆ ಹೋದಾಗ ತೆಗೆದ ಫೋಟೊಗಳು ಮೇಜಿನ ಮೇಲೆ ಹರಡಿದವು. ಪೆಡಲ್ ದೋಣಿ, ಬೇಲಿ, ಐಸ್‌ಕ್ರೀಮ್ ಹಿಡಿದ ಮಗಳು. ಎಲ್ಲವೂ ಒದ್ದೆ ಗಾಜಿನ ಹಿಂದೆ ಇದ್ದ ಹಾಗಿದ್ದವು.

"ಇದು ಚೆನ್ನಾಗಿದೆ" ಎಂದಳು ಮಗಳು, ಒಂದನ್ನು ಎತ್ತಿ. "ನೀರಿನ ಬಣ್ಣ ಚೆನ್ನಾಗಿ ಬಂದಿದೆ."

"ಇದೂ ಪರವಾಗಿಲ್ಲ" ಎಂದಳು ಅತ್ತೆ. "ನನ್ನ ಸುಕ್ಕು ಒಂದೂ ಕಾಣ್ತಿಲ್ಲ. ಹತ್ತು ವರ್ಷ ಚಿಕ್ಕವಳಾಗಿದ್ದೀನಿ. ಇನ್ನು ಮೇಲೆ ಇವನ ಕೈಲೇ ತೆಗೆಸ್ಕೋತೀನಪ್ಪ."

ಅಮ್ಮ ದೋಣಿಯ ಫೋಟೊ ಆರಿಸಿದಳು. ಎಲ್ಲರೂ ನಗ್ತಾ ಇದ್ದೀರಿ, ಅದೇ ಚೆಂದ, ಎಂದಳು. ನಗುತ್ತಿದ್ದಾರೋ ಇಲ್ಲವೋ ಖಾತ್ರಿಯಾಗಿ ಕಾಣುತ್ತಿರಲಿಲ್ಲ.

ಕೊನೆಯಲ್ಲಿ ಉಳಿದದ್ದು ಅಪ್ಪನ ಫೋಟೊ. ಅವನು ಬೇಲಿಗೆ ಒರಗಿ ನಿಂತಿದ್ದ. ಅಂಗಿಯ ಗುಂಡಿಗಳ ದಾರ, ಗಡ್ಡದ ಬಿಳಿ ಚುಕ್ಕೆ, ಬೇಲಿಯ ತುಕ್ಕು ಎಲ್ಲವೂ ಎದ್ದು ಕಾಣುತ್ತಿದ್ದವು. "ಯಾವುದರಲ್ಲೂ ನೀನಿರಲ್ಲ, ಕೊಡೋ ಇಲ್ಲಿ" ಎಂದು ಆ ದಿನ ಅತ್ತೆ ಕ್ಯಾಮೆರಾ ಕಿತ್ತುಕೊಂಡಿದ್ದಳು. ಬಳೆಯನ್ನು ಹೇಗೆ ತಿರುಗಿಸಬೇಕೆಂದು ಮಗಳು ಹೇಳಿಕೊಟ್ಟಿದ್ದಳು.

"ನೋಡೋ, ನೋಡು!" ಅತ್ತೆ ಫೋಟೊವನ್ನು ತಮ್ಮನ ಮುಖದೆದುರು ಹಿಡಿದಳು. "ಜೀವನದಲ್ಲಿ ಮೊದಲನೇ ಸಲ ತೆಗೆದದ್ದು ಕಣೋ. ನಿನ್ನವೂ ಇವೆ, ನನ್ನದೂ ಇದೆ."

ಅಪ್ಪ ಅದನ್ನು ತೆಗೆದುಕೊಂಡ. ದೋಣಿಯ ಫೋಟೊದ ಪಕ್ಕದಲ್ಲಿಟ್ಟು ನೋಡಿದ.

"ಏನು ವ್ಯತ್ಯಾಸ?" ಎಂದ.

"ಹೊಟ್ಟೆ ಉರಿ" ಎಂದಳು ಅತ್ತೆ.

"ಅತ್ತೆ, ನಿಯಮ" ಎಂದು ಮಗಳು ಎಚ್ಚರಿಸಿದಳು. ಆಮೇಲೆ, ಅಪ್ಪನಿಗೆ ಬೇಸರವಾಗದಿರಲೆಂದು, "ಕ್ಯಾಮೆರಾಗೆ ವಯಸ್ಸಾಯ್ತು, ಅಷ್ಟೇ" ಎಂದಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅದೇ ಕ್ಯಾಮೆರಾದಲ್ಲಿ ತಾನೇ ನಾನೂ ತೆಗೆದದ್ದು?"

ಅಪ್ಪ ನಕ್ಕ. ಅಮ್ಮ ನಗಲಿಲ್ಲ.

ಅವಳ ಕೆಲಸದಲ್ಲಿ ಒಂದೇ ತಪ್ಪು ಸಾಲಾಗಿ ಬಂದರೆ ಮೊದಲು ಮೆಷಿನ್ ನೋಡುತ್ತಾರೆ. ಅದೇ ಮೆಷಿನ್ನಿನ ಮುಂದೆ ಬೇರೆಯವರನ್ನು ಕೂರಿಸುತ್ತಾರೆ. ಅಂಗಿ ಸರಿಯಾಗಿ ಬಂದರೆ ಮೆಷಿನ್ನಿನದಲ್ಲ ತಪ್ಪು. ಇಲ್ಲಿ ಕ್ಯಾಮೆರಾ ಒಂದೇ, ದಿನ ಒಂದೇ, ಬಿಸಿಲು ಒಂದೇ. ಅದಕ್ಕಿಂತ ಹೆಚ್ಚಾಗಿ, ಗಂಡನಿಗೆ ಎರಡು ಫೋಟೊಗಳ ನಡುವೆ ವ್ಯತ್ಯಾಸವೇ ಕಂಡಿರಲಿಲ್ಲ. ಅದು ಹೊಟ್ಟೆ ಉರಿಯ ಮುಖವಾಗಿರಲಿಲ್ಲ. ಅವನು ನಿಜವಾಗಿಯೂ ಹುಡುಕಿದ್ದ.

ಅವಳು ಕಾಲು ಒರೆಸಿಕೊಂಡು ಎದ್ದು, ಬೀರುವಿನಿಂದ ಹಿಂದಿನ ಲಕೋಟೆಗಳನ್ನು ತಂದಳು. ಕಳೆದ ಬೇಸಿಗೆಯ ಫೋಟೊಗಳಲ್ಲಿ ಮಗಳ ರೆಪ್ಪೆಗಳನ್ನು ಎಣಿಸಬಹುದಿತ್ತು. ಮಳೆಗಾಲದವುಗಳಲ್ಲಿ ಅಂಚು ಕರಗಿತ್ತು. ಆಮೇಲಿನವು ಇಂದಿನವಕ್ಕಿಂತ ಸ್ವಲ್ಪವೇ ಮೇಲು. ಅವೆಲ್ಲಕ್ಕೂ ಎಲ್ಲರೂ "ಚೆನ್ನಾಗಿದೆ" ಎಂದಿದ್ದರು. ಅವಳೂ ಎಂದಿದ್ದಳು.

ಇನ್ನೊಂದು ವಿಷಯವೂ ನೆನಪಾಯಿತು. ಅಪ್ಪ, ಮಗಳು ಬಸ್ ಸ್ಟಾಪಿನಲ್ಲಿ ಒಂದು ಆಟ ಆಡುತ್ತಿದ್ದರು: ದೂರದಲ್ಲಿ ಬರುವ ಬಸ್ಸಿನ ನಂಬರನ್ನು ಯಾರು ಮೊದಲು ಹೇಳುತ್ತಾರೆ ಎಂದು. ವರ್ಷಗಟ್ಟಲೆ ಅಪ್ಪನೇ ಗೆದ್ದಿದ್ದ. ಈಚೆಗೆ "ನೀನೇ ಹೇಳು, ನನಗೆ ಬೇಜಾರು" ಎನ್ನುತ್ತಿದ್ದ.

"ರೀ, ಕ್ಯಾಮೆರಾ ತನ್ನಿ" ಎಂದಳು ಅಮ್ಮ.

"ಈಗ್ಯಾಕೆ? ರೀಲೇ ಇಲ್ಲ."

"ರೀಲು ಬೇಡ. ತನ್ನಿ."

ಅವನು ತಂದ. ಅಮ್ಮ ಅತ್ತೆಯನ್ನು ಕಿಟಕಿಯ ಪಕ್ಕ ನಿಲ್ಲಿಸಿ, ಫೋಟೊ ತೆಗೆಯುವ ಹಾಗೆಯೇ ಸರಿಮಾಡಿ ಎಂದಳು. ಅವನು ಕಿಂಡಿಯಲ್ಲಿ ಕಣ್ಣಿಟ್ಟು ಬಳೆ ತಿರುಗಿಸಿದ. ಹಿಂದೆ, ಮುಂದೆ, ಮತ್ತೆ ಹಿಂದೆ. "ಹೂಂ, ಆಯ್ತು" ಎಂದ.

"ಬಳೆ ಮುಟ್ಟದೆ ಮಗಳಿಗೆ ಕೊಡಿ."

ಮಗಳು ಅಪ್ಪ ನಿಂತಲ್ಲೇ ನಿಂತು ನೋಡಿದಳು.

"ಹೇಗಿದೆ?"

"ಮಸುಕು." ನಿಯಮ ನೆನಪಾಗಿ ಮಗಳು ತಕ್ಷಣ ಅಮ್ಮನ ಮುಖ ನೋಡಿದಳು. ಅಮ್ಮ, ಸರಿಮಾಡು ಎಂದಳು. ಮಗಳು ಬಳೆಯನ್ನು ಸಾಕಷ್ಟು ದೂರ ತಿರುಗಿಸಬೇಕಾಯಿತು. ಆಮೇಲೆ ಕ್ಯಾಮೆರಾ ಅಪ್ಪನ ಕೈಗೆ ಮರಳಿತು.

"ಈಗ?" ಎಂದಳು ಅಮ್ಮ.

ಅವನು ಬಹಳ ಹೊತ್ತು ನೋಡಿದ.

"ಎರಡೂ ಒಂದೇ ಥರ ಇದೆ" ಎಂದ.

ಕಿಟಕಿಯ ಬಳಿ ನಿಂತಿದ್ದ ಅತ್ತೆಗೆ ಜೋಕು ಹೊಳೆಯಲಿಲ್ಲ. ಅವಳು ಬಂದು ಕುರ್ಚಿಯಲ್ಲಿ ಕೂತಳು.

"ಕಣ್ಣು ಯಾವಾಗಿಂದ ಹೀಗೆ?" ಎಂದು ಅಮ್ಮ ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡುವಷ್ಟು ಶಕ್ತಿ ಭಾನುವಾರ ಸಂಜೆ ಅವಳಲ್ಲಿ ಉಳಿಯುತ್ತಿರಲಿಲ್ಲ.

ಅಪ್ಪ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟ. "ರಾತ್ರಿ ಕಷ್ಟ ಆಗ್ತಿತ್ತು. ಎದುರಿನ ಗಾಡಿ ಲೈಟು ಹತ್ತಿ ಬಿರಿದ ಹಾಗೆ ಬಿರಿದುಕೊಳ್ಳತ್ತೆ. ಅದಕ್ಕೇ ಬೆಳಗಿನ ಶಿಫ್ಟ್ ಕೇಳಿದ್ದು."

"ನಿದ್ದೆ ಸಾಲಲ್ಲ, ಅದಕ್ಕೆ ಅಂದಿದ್ರಿ."

"ಅಂದಿದ್ದೆ."

"ಹಗಲಲ್ಲಿ?"

"ಹಗಲಲ್ಲಿ ನಡೆಯತ್ತೆ. ಆ ದಾರಿ ನನ್ನ ಕಾಲಿಗೇ ಗೊತ್ತು."

"ದಾರಿ ಗೊತ್ತಿರತ್ತೆ. ದಾರಿಗೆ ಅಡ್ಡ ಬರೋರು ಗೊತ್ತಿರ್ತಾರಾ?"

ಅವನು ದೋಣಿಯ ಫೋಟೊ ಎತ್ತಿಕೊಂಡ.

"ಇವನ್ನೆಲ್ಲ ಚೆನ್ನಾಗಿವೆ ಅಂದ್ರಲ್ಲ. ಮೂರೂ ಜನ."

ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ಕೆಳಗಿಟ್ಟ.

"ಫೋಟೊ ಬಂದಾಗಲೆಲ್ಲ ನಿಮ್ಮ ಬಾಯಿ ನೋಡ್ತಿದ್ದೆ. ನನಗೆ ಮಂಜು ಮಂಜಾಗಿ ಕಾಣೋದು. ನೀವು ಸೂಪರ್ ಅಂತಿದ್ರಿ. ಸರಿ, ಹತ್ತಿರದ್ದು ಓದೋಕೆ ಮಾತ್ರ ಕಷ್ಟ, ದೂರದ್ದನ್ನ ಸರಿಯಾಗೇ ನೋಡ್ತಿದ್ದೀನಿ, ಇಲ್ಲದಿದ್ರೆ ಫೋಟೊ ಇಷ್ಟು ಚೆನ್ನಾಗಿ ಹೇಗೆ ಬರತ್ತೆ ಅಂದ್ಕೊಂಡೆ. ಅದೇ ಧೈರ್ಯದ ಮೇಲೆ ದಿನಾ ಬೆಳಿಗ್ಗೆ ಸೀಟು ಹತ್ತುತ್ತಿದ್ದೆ."

ಮಗಳು ಅಳತೊಡಗಿದಳು. "ನಮ್ಮ ಕ್ಲಾಸಿನವರೆಲ್ಲ ನಿನ್ನ ಬಸ್ಸಲ್ಲೇ ಬರ್ತಾರಪ್ಪ" ಎಂದಳು.

"ಅಳಬೇಡ. ಇನ್ನೂ ಯಾರಿಗೂ ಏನೂ ಆಗಿಲ್ಲ" ಎಂದಳು ಅತ್ತೆ. ಆಮೇಲೆ ತಮ್ಮನ ಕಡೆ ತಿರುಗಿ, "ನಾನು ಸುಕ್ಕು ಕಾಣ್ತಿಲ್ಲ ಅಂದೆನಲ್ಲೋ, ಹಾಳು ಬಾಯಿ ನಂದು" ಎಂದಳು.

"ನಾಳೆ ಬಸ್ ತೆಗೀಬೇಡಿ" ಎಂದಳು ಅಮ್ಮ.

"ಮುಂದಿನ ತಿಂಗಳು ರಜೆ ಇದೆ. ಆಗ ಡಾಕ್ಟರಿಗೆ ತೋರಿಸ್ತೀನಿ. ಪೊರೆ ಇದ್ರೆ ತೆಗೆಸಿದರಾಯ್ತು."

"ಮುಂದಿನ ತಿಂಗಳವರೆಗೆ?"

"ಕಣ್ಣು ಅಂತ ಬಾಯಿ ಬಿಟ್ಟರೆ ಸೀಟು ಹೋಯ್ತು ಅಂತಲೇ ಲೆಕ್ಕ ಕಣೇ. ಆಪರೇಷನ್ ಆದ್ರೂ ವಾಪಸ್ ಕೊಡ್ತಾರೋ ಇಲ್ವೋ. ಶೆಡ್ಡಿಗೆ ಹಾಕಿ ಬಸ್ ತೊಳಿ ಅಂತಾರೆ. ಇಪ್ಪತ್ತು ವರ್ಷ ಓಡಿಸಿದ್ದೀನಿ, ಒಂದು ನಾಯೀನೂ ಸಿಕ್ಕಿಲ್ಲ ನನ್ನ ಚಕ್ರಕ್ಕೆ."

"ಗೊತ್ತು."

"ಗೊತ್ತಿದ್ದರೆ?"

"ಬೇರೆಯವರು ಹೊಲಿದದ್ದಕ್ಕೆ ದಿನಾ ಸ್ಟಿಕರ್ ಅಂಟಿಸ್ತೀನಿ ರೀ. ಮನೇಲಿ ಒಂದು ವರ್ಷ ಕಣ್ಣು ಮುಚ್ಕೊಂಡು ಚೆನ್ನಾಗಿದೆ ಅಂದೆ. ಇನ್ನು ಆಗಲ್ಲ." ಅವಳು ಮತ್ತೆ ಕುರ್ಚಿಯಲ್ಲಿ ಕೂತು ಬಕೆಟ್ಟಿಗೆ ಕಾಲಿಟ್ಟಳು. ನೀರು ಆರಿಹೋಗಿತ್ತು. "ನೀವು ಮಾಡಿ ಫೋನು. ನಾನು ಮಾಡಿದರೆ ಚೆನ್ನಾಗಿರಲ್ಲ."

ಫೋನು ಬಾಗಿಲ ಪಕ್ಕದ ಸ್ಟೂಲಿನ ಮೇಲಿತ್ತು. ಅಪ್ಪ ತಕ್ಷಣ ಏಳಲಿಲ್ಲ. ಮಗಳು ಫೋಟೊಗಳನ್ನು ಒಟ್ಟುಮಾಡಿ ಲಕೋಟೆಗೆ ಹಾಕಿದಳು. ಅತ್ತೆ ಚಹಾದ ಲೋಟಗಳನ್ನು ತೊಳೆದಿಟ್ಟಳು. ಆ ಮನೆಯಲ್ಲಿ ಅವಳು ಲೋಟ ತೊಳೆದದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಕೊನೆಗೆ ಅಪ್ಪ ಎದ್ದು ಡಿಪೋಗೆ ಫೋನು ಮಾಡಿದ.

ಡ್ಯೂಟಿ ಹಂಚುವ ಕಂಟ್ರೋಲರ್‌ನ ದನಿ ಮೇಜಿನವರೆಗೂ ಕೇಳಿಸುವಷ್ಟು ದೊಡ್ಡದು.

"ಏನಯ್ಯ, ಭಾನುವಾರ ಸಂಜೆ ಹೇಳಿದರೆ ಬದಲಿ ಎಲ್ಲಿಂದ ಹುಟ್ಟಿಸಲಿ? ಜ್ವರಾನಾ? ಜ್ವರ ಅಂತ ಬರ್ಕೊಳ್ಳಲಾ?"

ಅಪ್ಪ ಒಮ್ಮೆ ತಿರುಗಿ ನೋಡಿದ. ಜ್ವರ ಎಂದರೆ ಎರಡು ದಿನದ ರಜೆ, ಮೂರನೆಯ ದಿನ ಅದೇ ಸೀಟು. ಅಮ್ಮ ಬಕೆಟ್ಟಿನ ನೀರನ್ನೇ ನೋಡುತ್ತಿದ್ದಳು.

"ಹಲೋ? ಜ್ವರಾನಾ ಅಂದೆ."

"ಜ್ವರ ಅಲ್ಲ ಸಾರ್" ಎಂದ ಅಪ್ಪ. "ಕಣ್ಣು. ಕಾಣ್ತಿಲ್ಲ."

ಕಂಟ್ರೋಲರ್ ದನಿ ತಗ್ಗಿಸಿ ಏನೋ ಹೇಳಿದ, ಅದು ಮೇಜಿನವರೆಗೆ ಬರಲಿಲ್ಲ. ಅಪ್ಪ "ಆಯ್ತು ಸಾರ್" ಎಂದು ಫೋನು ಇಟ್ಟ. "ನಾಳೆ ಹತ್ತು ಗಂಟೆಗೆ ಡಿಪೋ ಡಾಕ್ಟರ್ ಹತ್ರ ಹೋಗ್ಬೇಕಂತೆ" ಎಂದ.

"ನಾನೂ ಬರ್ತೀನಿ" ಎಂದಳು ಅಮ್ಮ.

"ನಿನ್ನ ಅರ್ಧ ದಿನ ಹೋಗತ್ತೆ."

"ಹೋಗ್ಲಿ. ಅಷ್ಟು ಹೊತ್ತು ಕೂತ್ಕೊಂಡಾದರೂ ಇರ್ತೀನಿ."

ಸೋಮವಾರ ಬೆಳಗಿನ ಮೊದಲ ಬಸ್ಸು ಹನ್ನೆರಡು ನಿಮಿಷ ತಡವಾಗಿ ಹೊರಟಿತು. ಓಡಿಸಿದವನು ಬದಲಿ ಡ್ರೈವರ್.